ನಿಂತಂತೆ ಕಾಣುವ ಚಕ್ಕು, ಸುಳ್ಳು ಹೇಳುವ ಬೆಳಕು

ಇಂಜಿನಿಯರಿಂಗ್ ಓದಿದವರೆಲ್ಲ ಮೊದಲ ವರ್ಷದ ವರ್ಕ್‌ಶಾಪಿನಲ್ಲಿ ಖಾಕಿ ಕೋಟು ಹಾಕ್ಕೊಂಡು ಲೇತ್ ಮುಂದೆ ನಿಂತಿರ್ತೀರಿ. ಸ್ಟೆಪ್ ಟರ್ನಿಂಗ್, ಟೇಪರ್ ಟರ್ನಿಂಗ್, ರೆಕಾರ್ಡ್ ಬುಕ್ಕು, ವೈವಾ... ಅಲ್ಲಿಗೆ ಲೇತಿನ ಋಣ ಮುಗೀತು. ಆಮೇಲೆ ನಮ್ಮಂಥ ಸಾಫ್ಟ್‌ವೇರ್ ಮಂದಿ ಆ ಕಡೆ ತಲೆ ಹಾಕಿ ಮಲಗೋದೂ ಇಲ್ಲ :-) ನೋಡದೇ ಇರೋರಿಗೆ ಒಂದು ಸಾಲಿನಲ್ಲಿ ಹೇಳೋದಾದ್ರೆ, ಲೇತ್ ಅಂದ್ರೆ ಕುಂಬಾರನ ತಿಗರಿಯನ್ನು ಅಡ್ಡಡ್ಡ ಮಲಗಿಸಿದ ಹಾಗೆ. ಕಬ್ಬಿಣದ ಸರಳನ್ನು ಒಂದು ಹಿಡಿ ಗಟ್ಟಿಯಾಗಿ ಕಚ್ಚಿಕೊಂಡು ಗರಗರ ತಿರುಗಿಸುತ್ತೆ, ಉಳಿಯಂಥ ಟೂಲು ಅದನ್ನು ಕೆತ್ತುತ್ತಾ ಹೋಗುತ್ತೆ. ಆ ಹಿಡಿಗೆ ಚಕ್ ಅಂತಾರೆ. ಅದಕ್ಕೆ ಮೂರೋ ನಾಲ್ಕೋ ದವಡೆಗಳು.

ನಮ್ಮ ತಂದೆ ಟರ್ನರ್ ಆಗಿದ್ದವರು. ಪೀಣ್ಯದ ಕಡೆಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ದುಡಿದರು. ಈಗ ಹಳೇ ಲೇತೊಂದನ್ನು ತಂದು ಮನೆ ಹಿಂದಿನ ಷೆಡ್ಡಿನಲ್ಲಿ ಕೂರಿಸಿಕೊಂಡಿದ್ದಾರೆ. ಅದಕ್ಕೆ ದೀಪದ ವ್ಯವಸ್ಥೆ ಮಾಡೋ ಜವಾಬ್ದಾರಿ ನಂದು. ಅವರು ಹಾಕಿದ ಷರತ್ತು ಒಂದೇ, "ಬರೀ ಟ್ಯೂಬ್‌ಲೈಟ್ ಬೇಡ". ಯಾಕೆ ಅಂತ ಕೆದಕುತ್ತಾ ಹೋದ್ರೆ ಇನ್ನೂರು ವರ್ಷದ ಕಥೆ ಬಿಚ್ಚಿಕೊಳ್ತು. ಈ ಬರಹ ಅದರ ಬಗ್ಗೆ.

ಕಿಟಕಿಯ ಕಾಲ

ಕರೆಂಟಿಗೆ ಮುಂಚೆ ಲೇತ್ ಇರ್ತಿದ್ದ ಜಾಗ ಒಂದೇ, ಕಿಟಕಿಯ ಪಕ್ಕ. ಸ್ವಿಟ್ಜರ್ಲೆಂಡಿನ ಜೂರಾ ಬೆಟ್ಟಗಳಲ್ಲಿ ಗಡಿಯಾರ ಮಾಡೋರು ಮನೆಯಲ್ಲೇ ಕೂತು, ಅಂಗೈಯಗಲದ ಪುಟಾಣಿ ಲೇತುಗಳಲ್ಲಿ ಕೂದಲಿನಷ್ಟು ಸಣ್ಣ ಅಚ್ಚುಗಳನ್ನು ಕಡೀತಿದ್ರು. ಅಲ್ಲಿನ ಲಾ ಷೋ-ದ-ಫೋಂ ಅನ್ನೋ ಊರು 1794ರಲ್ಲಿ ಬೆಂಕಿಗೆ ಆಹುತಿಯಾಯ್ತು. ಆಮೇಲೆ 19ನೇ ಶತಮಾನದಲ್ಲಿ ಊರು ಬೆಳೆದಾಗ ಬೀದಿಗಳನ್ನು ಉದ್ದುದ್ದ ಸಾಲುಗಳಾಗಿ, ಮನೆಗಳ ನಡುವೆ ಅಂತರ ಬಿಟ್ಟು ಕಟ್ಟಿದ್ರು. ಒಬ್ಬನ ಮನೆಯ ನೆರಳು ಇನ್ನೊಬ್ಬನ ಕೆಲಸದ ಮೇಜಿನ ಮೇಲೆ ಬೀಳಬಾರದು ಅಂತ! ಈ ಕಾರಣಕ್ಕೇ ಆ ಊರು, ಪಕ್ಕದ ಲ ಲೋಕ್ಲ್ ಜೊತೆ, 2009ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಕೆಲಸಗಾರನ ಕಣ್ಣಿಗೋಸ್ಕರ ಒಂದು ಊರಿನ ನಕ್ಷೆಯೇ ಬದಲಾಗಿದ್ದು ಅಂದ್ರೆ ಯೋಚನೆ ಮಾಡಿ.

ದೊಡ್ಡ ಲೇತುಗಳ ಕಥೆ ಬೇರೆ. ಲಂಡನ್ನಿನ ಹೆನ್ರಿ ಮಾಡ್‌ಸ್ಲೇ 1800ರ ಆಸುಪಾಸಿನಲ್ಲಿ ಕರಾರುವಾಕ್ಕಾಗಿ ಸ್ಕ್ರೂ ಕಡಿಯೋ ಲೇತ್ ಮಾಡಿದ. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಬರ್ಮಿಂಗ್‌ಹ್ಯಾಮಿನಲ್ಲಿ, ಜೇಮ್ಸ್ ವಾಟ್‌ನ ಕಂಪನಿಯಲ್ಲಿ ಕೆಲಸಕ್ಕಿದ್ದ ವಿಲಿಯಂ ಮರ್ಡಾಕ್ ಕಲ್ಲಿದ್ದಲಿನ ಗ್ಯಾಸಿನಿಂದ ದೀಪ ಹಚ್ಚೋ ಪ್ರಯೋಗ ಮಾಡ್ತಿದ್ದ. 1802ರಲ್ಲಿ ಸೋಹೋ ಕಾರ್ಖಾನೆಯ ಮುಂಭಾಗವನ್ನು ಗ್ಯಾಸ್ ದೀಪದಿಂದ ಬೆಳಗಿಸಿ ಜನರನ್ನ ಬೆರಗುಗೊಳಿಸಿದ. ನೋಡೋರಿಗೆ ಹಬ್ಬ... ಆದ್ರೆ ಕೆಲಸಗಾರನಿಗೆ? ಸೂರ್ಯ ಮುಳುಗಿದ ಮೇಲೂ ಮೆಷೀನ್ ನಿಲ್ಲಿಸೋ ಹಾಗಿಲ್ಲ ಅಂತ ಆಯ್ತು. ನೈಟ್ ಶಿಫ್ಟಿನ ಮೂಲಪುರುಷ ಯಾರು ಅಂತ ಕೇಳಿದ್ರೆ ನಮ್ಮ ಕಾಲ್ ಸೆಂಟರ್ ಗೆಳೆಯರು ಈ ಹೆಸರು ನೆನಪಿಟ್ಟುಕೊಳ್ಳಲಿ :-)

ಹಗಲಿನ ಬೆಳಕಿಗೆ 19ನೇ ಶತಮಾನದ ಕಾರ್ಖಾನೆಗಳು ಕಂಡುಕೊಂಡ ದಾರಿ ಗರಗಸದ ಹಲ್ಲಿನಂಥ ಛಾವಣಿ. ಹಲ್ಲಿನ ಇಳಿಜಾರು ಬದಿಗೆ ಹೆಂಚು, ನೆಟ್ಟಗಿನ ಬದಿಗೆ ಗಾಜು. ಇಂಗ್ಲೆಂಡಿನಲ್ಲಿ ಗಾಜು ಯಾವಾಗಲೂ ಉತ್ತರಕ್ಕೆ. ಅಲ್ಲಿ ನಡುಹಗಲಿನ ಸೂರ್ಯ ವರ್ಷಪೂರ್ತಿ ದಕ್ಷಿಣದಲ್ಲೇ ಇರೋದ್ರಿಂದ ಉತ್ತರದ ಗಾಜಿನಿಂದ ಬಿಸಿಲು ಬೀಳೋಲ್ಲ, ಬರೀ ಆಕಾಶದ ತಂಪು ಬೆಳಕು ಬರುತ್ತೆ. ಲೇತಿಗೆ ಇದು ಬಹಳ ಮುಖ್ಯ. ಈಗಷ್ಟೇ ಕಡಿದ ಸರಳು ಒಂದು ಉರುಟು ಕನ್ನಡಿ. ಅದರ ಮೇಲೆ ನೇರ ಬಿಸಿಲೋ ಬರಿ ಬಲ್ಬೋ ಬಿದ್ರೆ ಕಣ್ಣು ಕುಕ್ಕುವ ಒಂದು ಗೆರೆ ಕಾಣುತ್ತೆ, ಉಳಿದದ್ದೆಲ್ಲ ಕತ್ತಲು. ಹರಡಿದ ಬೆಳಕು ಬಿದ್ರೆ ಮೈಯೆಲ್ಲ ಕಾಣುತ್ತೆ.

ಇದನ್ನೇ ನಮ್ಮ ದೇಶಕ್ಕೂ ತಂದ್ರು. ಆದ್ರೆ ಇಲ್ಲೊಂದು ತಮಾಷೆ ಇದೆ. ಬೆಂಗಳೂರು ಇರೋದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕೇ ಇರ್ತಾನೆ! ಇಂಗ್ಲೆಂಡಿನ ಸೂತ್ರವನ್ನು ಹಾಗೇ ಕಾಪಿ ಹೊಡೆದ್ರೆ ಮೇ ತಿಂಗಳಲ್ಲಿ ಉತ್ತರದ ಗಾಜಿನಿಂದಲೂ ಬಿಸಿಲು ಇಣುಕುತ್ತೆ.

ನೆರಳಿನ ಕಾಲ, ತೋಳಿನ ದೀಪದ ಕಾಲ

ಆ ಕಾರ್ಖಾನೆಗಳಲ್ಲಿ ಮೆಷೀನಿಗೊಂದು ಮೋಟರ್ ಇರಲಿಲ್ಲ. ಮೇಲ್ಗಡೆ ಉದ್ದಕ್ಕೂ ಒಂದು ಶಾಫ್ಟು, ಅದರಿಂದ ಪ್ರತಿ ಲೇತಿಗೂ ಇಳಿದ ಚರ್ಮದ ಬೆಲ್ಟು. ಛಾವಣಿಯಿಂದ ಎಷ್ಟೇ ಒಳ್ಳೆ ಬೆಳಕು ಬಂದ್ರೂ ನಡುವೆ ಓಡೋ ಬೆಲ್ಟುಗಳ ಕಾಡು. 20ನೇ ಶತಮಾನದಲ್ಲಿ ಮೆಷೀನಿಗೊಂದು ಮೋಟರ್ ಬಂದ ಮೇಲೇ ತಲೆ ಮೇಲಿನ ಈ ಕಾಡು ಕಡಿದು ಹೋಗಿದ್ದು.

ಆಗ ದೀಪವೇ ಕೆಲಸದ ಹತ್ತಿರ ಬಂತು. ಇಂಗ್ಲೆಂಡಿನ ಬಾತ್ ಊರಿನ ಜಾರ್ಜ್ ಕಾರ್ವರ್ಡೈನ್ ಕಾರಿನ ಸಸ್ಪೆನ್ಷನ್ ಇಂಜಿನಿಯರ್. ಸ್ಪ್ರಿಂಗುಗಳ ಲೆಕ್ಕ ಹಾಕ್ತಾ ಹಾಕ್ತಾ, ಎಲ್ಲಿ ಬಿಟ್ರೆ ಅಲ್ಲೇ ನಿಲ್ಲೋ ದೀಪದ ತೋಳನ್ನು ಕಂಡುಹಿಡಿದು 1932ರಲ್ಲಿ ಪೇಟೆಂಟ್ ಪಡೆದ. ಅದೇ ಆಂಗಲ್‌ಪಾಯ್ಸ್. ಈಗ ನಮ್ಮ ಟೇಬಲ್ ಮೇಲಿರೋ ಸ್ಟಡಿ ಲ್ಯಾಂಪುಗಳ ತಾತ ಅನ್ನಬಹುದು. ಫ್ರಾನ್ಸಿನ ಲಿಯೋಂ ಊರಿನ ಝಾನ್-ಲೂಯಿ ದೊಮೆಕ್ 1950ರಲ್ಲಿ ಇನ್ನೊಂದು ಮಾಡಿದ. ವರ್ಕ್‌ಶಾಪಿನ ದೀಪಗಳಲ್ಲಿ ತೋಳು ಬಗ್ಗಿಸಿ ಬಗ್ಗಿಸಿ ಕೀಲಿನೊಳಗಿನ ವೈರೇ ತುಂಡಾಗ್ತಿತ್ತು. ಈತ ಕೀಲಿನಲ್ಲಿ ವೈರೇ ಇಲ್ಲದ ದೀಪ ಮಾಡಿಬಿಟ್ಟ. ತನ್ನ ಹೆಸರಿನ ಮೊದಲಕ್ಷರಗಳನ್ನೇ ಕೂಡಿಸಿ ಅದಕ್ಕೆ ಜಿಯೆಲ್ಡೆ ಅಂತ ಹೆಸರಿಟ್ಟ.

ನಮ್ಮ ನಾಡೂ ಹಿಂದೆ ಬಿದ್ದಿರಲಿಲ್ಲ ಬಿಡಿ. ಶಿವನಸಮುದ್ರದ ಕರೆಂಟು 1902ರಲ್ಲಿ ಕೋಲಾರದ ಗಣಿಗೂ 1905ರಲ್ಲಿ ಬೆಂಗಳೂರಿನ ಬೀದಿಗೂ ಬಂತು. 1936ರಲ್ಲಿ ಮಲ್ಲೇಶ್ವರದ ಹತ್ತಿರ ಮೈಸೂರು ಲ್ಯಾಂಪ್ಸ್ ಶುರುವಾಯ್ತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಬಂತು, ಅದರ ಲೇತುಗಳು ದೇಶಕ್ಕೆಲ್ಲ ಹೋದವು. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದಲ್ಲಿ ಜಾಲಹಳ್ಳಿಯ ಎಚ್‌ಎಂಟಿ. ಕರೆಂಟು, ಬಲ್ಬು, ಲೇತು... ಮೂರೂ ಇಲ್ಲಿಯವೇ! ಮೈಸೂರು ಲ್ಯಾಂಪ್ಸೂ ಮೈಸೂರು ಕಿರ್ಲೋಸ್ಕರ್ರೂ ಬಾಗಿಲು ಹಾಕಿ ವರ್ಷಗಳೇ ಆದವು ಅನ್ನೋದು ಬೇಜಾರಿನ ಸಂಗತಿ.

ಟ್ಯೂಬ್‌ಲೈಟಿನ ಕಣ್ಕಟ್ಟು

ಈಗ ಅಪ್ಪನ ಷರತ್ತಿಗೆ ಬರೋಣ.

ಫ್ಲೋರೆಸೆಂಟ್ ಟ್ಯೂಬ್ ಅಮೆರಿಕದ ಮಾರುಕಟ್ಟೆಗೆ ಬಂದಿದ್ದು 1938ರಲ್ಲಿ. ಮರುವರ್ಷವೇ ಮಹಾಯುದ್ಧ. ಬಾಂಬಿನ ಭಯಕ್ಕೆ ಬ್ರಿಟನ್ನಿನ ಕಾರ್ಖಾನೆಗಳು ಛಾವಣಿಯ ಗಾಜನ್ನೇ ಮುಚ್ಚಬೇಕಾಯ್ತು. ಹಗಲೂ ಇರುಳೂ ದೀಪವೇ ಗತಿ. ಕಡಿಮೆ ಕರೆಂಟಿಗೆ ಜಾಸ್ತಿ ಬೆಳಕು, ನೆರಳೂ ಕಡಿಮೆ, ಬಿಸಿಯೂ ಕಡಿಮೆ... ಟ್ಯೂಬ್ ಎಲ್ಲ ಕಡೆ ಹಬ್ಬಿತು.

ಆದ್ರೆ ನಮ್ಮ ಎಸಿ ಕರೆಂಟು ಸೆಕೆಂಡಿಗೆ 50 ಸುತ್ತು ಹಾಕುತ್ತೆ, ಒಂದೊಂದು ಸುತ್ತಿನಲ್ಲೂ ಎರಡು ಸಲ ಸೊನ್ನೆಗೆ ಬರುತ್ತೆ. ಹಾಗಾಗಿ ಹಳೇ ಚೋಕಿನ ಟ್ಯೂಬ್ ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತೆ. ನಮ್ಮ ಕಣ್ಣಿಗೆ ಗೊತ್ತಾಗೋಲ್ಲ. ಮಾಮೂಲಿ ಬಲ್ಬಿನಲ್ಲಿ ಈ ತೊಂದರೆ ತೀರಾ ಕಡಿಮೆ, ಕೆಂಪಗೆ ಕಾದ ತಂತಿ ಅಷ್ಟು ಬೇಗ ಆರೋಲ್ಲ.

ಈಗ ಲೆಕ್ಕ ನೋಡಿ. ನಾಲ್ಕು ದವಡೆಯ ಚಕ್ಕು ನಿಮಿಷಕ್ಕೆ 1500 ಸುತ್ತು, ಅಂದ್ರೆ ಸೆಕೆಂಡಿಗೆ 25 ಸುತ್ತು ತಿರುಗ್ತಿದೆ ಅನ್ನಿ. ಎರಡು ಮಿಂಚಿನ ನಡುವೆ ಅದು ಸರಿಯಾಗಿ ಕಾಲು ಸುತ್ತು ತಿರುಗಿರುತ್ತೆ. ಮೊದಲ ದವಡೆಯ ಜಾಗಕ್ಕೆ ಎರಡನೇದು ಬಂದು ಕೂತಿರುತ್ತೆ. ಕಣ್ಣಿಗೆ ಏನು ಕಾಣುತ್ತೆ? ಚಕ್ಕು ನಿಂತೇ ಇದೆ! ಮೂರು ದವಡೆಯದಾದ್ರೆ 2000 ಸುತ್ತಿಗೆ ಇದೇ ಆಟ. 1000 ಸುತ್ತಿಗೆ ಅದೇ ಚಕ್ಕು ಆರು ದವಡೆಯದಾಗಿ ನಿಂತಂತೆ ಕಾಣುತ್ತೆ, ಅದೇ ವೇಗದಲ್ಲಿ ಆರು ಮೂಲೆಯ ಸರಳು ಸುಮ್ಮನೆ ನಿಂತ ಹಾಗೆ ಇರುತ್ತೆ. 1440ರಲ್ಲಿ ನಾಲ್ಕು ದವಡೆಯ ಚಕ್ಕು ನಿಧಾನಕ್ಕೆ ಹಿಂದಕ್ಕೆ ತಿರುಗಿದ ಹಾಗೆ, ಸೆಕೆಂಡಿಗೆ ಒಂದೇ ಸುತ್ತು. ಟ್ಯೂಬು ನಡುವೆ ಪೂರ್ತಿ ಕತ್ತಲಾಗದ ಕಾರಣ ಚಿತ್ರ ಸ್ವಲ್ಪ ಮಸುಕಾಗಿರುತ್ತೆ, ಅಷ್ಟೇ.

ಇದೇನೂ ಹೊಸ ವಿಷಯವಲ್ಲ. ತಿರುಗೋ ಚಕ್ರಗಳು ಕಣ್ಣಿಗೆ ಮೋಸ ಮಾಡೋದರ ಬಗ್ಗೆ ಮೈಕೇಲ್ ಫ್ಯಾರಡೆ 1831ರಲ್ಲೇ ಬರೆದಿದ್ದ. ಸರಿಯಾಗಿ ನೂರು ವರ್ಷದ ನಂತರ, 1931ರಲ್ಲಿ, ಎಂಐಟಿಯ ಹೆರಾಲ್ಡ್ ಎಡ್ಜರ್ಟನ್ ಓಡುವ ಮೋಟರನ್ನು ನಿಂತಂತೆ ನೋಡೋಕೆ ಬೇಕೂಂತಲೇ ಮಿಂಚುವ ದೀಪ ಮಾಡಿದ. ಅವನು ಬೇಕೂಂತ ಮಾಡಿದ್ದನ್ನು ಟ್ಯೂಬ್‌ಲೈಟು ಕೇಳದೇ ಮಾಡಿಕೊಟ್ಟಿತು!

"ಶಬ್ದ ಬರುತ್ತಲ್ಲ, ಗೊತ್ತಾಗೋಲ್ವಾ?" ಅಂತ ಅಪ್ಪನ್ನ ಕೇಳಿದೆ. ಅವರು ಹೇಳಿದ ಮಾತು ಇನ್ನೂ ಮನಸ್ಸಲ್ಲಿದೆ. "ಒಂದು ಲೇತ್ ಇದ್ರೆ ಗೊತ್ತಾಗುತ್ತೆ. ಹತ್ತು ಲೇತ್ ಓಡ್ತಿರುವಾಗ ನಿನ್ನದು ನಿಂತಿದೆಯೋ ಓಡ್ತಿದೆಯೋ ಕಿವಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಕಣ್ಣು ನಂಬಬೇಡ, ಕಿವಿ ನಂಬಬೇಡ. ಸ್ವಿಚ್ ಮೇಲೆ ಕೈ ಇಟ್ಟು ಆಮೇಲೆ ಚಕ್ ಕಡೆ ಹೋಗು." ಅವರ ಜೊತೆ ಕೆಲಸ ಮಾಡ್ತಿದ್ದ ಒಬ್ಬರ ಬಲಗೈಯಲ್ಲಿ ಎರಡು ಬೆರಳು ಅರ್ಧಕ್ಕೇ ನಿಂತಿವೆ. ಚಿಕ್ಕಂದಿನಲ್ಲಿ ಅವರು ನಮ್ಮನೆಗೆ ಬಂದಾಗ ನಾನು ಆ ಕೈಯನ್ನೇ ದಿಟ್ಟಿಸ್ತಿದ್ದೆ. ಕಾರಣ ಕೇಳುವ ಧೈರ್ಯ ಬಂದಿದ್ದು ಮೊನ್ನೆ ಮೊನ್ನೆ. ಚಕ್ಕು ನಿಂತಿದೆ ಅಂದ್ಕೊಂಡು ಕೈ ಹಾಕಿದ್ರಂತೆ.

ಇದಕ್ಕೆ ಪರಿಹಾರ ಇರಲಿಲ್ಲ ಅಂತಲ್ಲ. ಜೋಡಿ ಟ್ಯೂಬಿನಲ್ಲಿ ಒಂದಕ್ಕೆ ಕೆಪಾಸಿಟರ್ ಹಾಕಿ, ಒಂದು ಮಂಕಾದಾಗ ಇನ್ನೊಂದು ಬೆಳಗೋ ಹಾಗೆ ಮಾಡ್ತಿದ್ರು. ಸಾಲುಸಾಲು ಟ್ಯೂಬುಗಳನ್ನು ಮೂರು ಫೇಸಿಗೆ ಹಂಚ್ತಿದ್ರು. ಎಲ್ಲಕ್ಕಿಂತ ಸುಲಭದ್ದು, ಲೇತಿನ ಮೇಲೇ 24 ವೋಲ್ಟಿನ ಒಂದು ಬಲ್ಬು. ಶಾಕಿನ ಭಯವಿಲ್ಲ, ತಂತಿ ದಪ್ಪ ಇರೋದ್ರಿಂದ ನಡುಕಕ್ಕೆ ಬೇಗ ತುಂಡಾಗೋಲ್ಲ, ದಪ್ಪ ತಂತಿ ನಿಧಾನಕ್ಕೆ ಆರೋದ್ರಿಂದ ಮಿಣುಕೂ ಕಡಿಮೆ. ಆ ಎಣ್ಣೆ ಮೆತ್ತಿದ ಪುಟ್ಟ ದೀಪ ಅಲ್ಲಿರೋದಕ್ಕೆ ಇಷ್ಟೆಲ್ಲ ಕಾರಣ! ಆದ್ರೆ ಅದಕ್ಕೊಂದು ಟ್ರಾನ್ಸ್‌ಫಾರ್ಮರ್ ಬೇಕು, ಬಲ್ಬು ಹೋದ್ರೆ ಹೊಸದು ತರಬೇಕು. ಸಣ್ಣ ಷೆಡ್ಡುಗಳಲ್ಲಿ ಒಮ್ಮೆ ಹೋದ ಬಲ್ಬು ಹಾಗೇ ಉಳಿದುಬಿಡ್ತಿತ್ತು, ಮೇಲಿನ ಒಂಟಿ ಟ್ಯೂಬಿನಲ್ಲೇ ಕೆಲಸ ನಡೀತಿತ್ತು.

ಎಷ್ಟು ಬೆಳಕು, ಎಂಥಾ ಬೆಳಕು

ಈ ಇತಿಹಾಸ ಓದ್ತಾ ನನಗೆ ಹೊಳೆದದ್ದು ಇಷ್ಟು. ಎಲ್ಲರೂ ಕೇಳಿದ ಪ್ರಶ್ನೆ "ಎಷ್ಟು ಬೆಳಕು?" ಅನ್ನೋದು. ಅಮೆರಿಕದ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1927ರವರೆಗೆ ನಡೆದ ಪ್ರಸಿದ್ಧ ಪ್ರಯೋಗ ಕೂಡಾ ಬೆಳಕು ಜಾಸ್ತಿ ಮಾಡಿದ್ರೆ ಉತ್ಪಾದನೆ ಜಾಸ್ತಿಯಾಗುತ್ತಾ ಅನ್ನೋದೇ. ಕೆಲಸಗಾರನ ಕಣ್ಣಿಗೆ ಬೆಳಕು ನಿಜ ಹೇಳ್ತಿದೆಯಾ ಅಂತ ಕೇಳಿದವರು ಕಡಿಮೆ. ನಮ್ಮ 1948ರ ಕಾರ್ಖಾನೆ ಕಾಯ್ದೆಯ 17ನೇ ಕಲಮು ಸಾಕಷ್ಟು ಬೆಳಕಿರಬೇಕು, ಹೊಳಪು ವಸ್ತುವಿನಿಂದ ಕಣ್ಣು ಕುಕ್ಕಬಾರದು, ಅಪಾಯ ತರೋ ನೆರಳು ಬೀಳಬಾರದು ಅಂತ ಚೆನ್ನಾಗಿಯೇ ಹೇಳಿತ್ತು. ಮಿಣುಕಿನ ಹೆಸರು ಮಾತ್ರ ಆ ಕಲಮಿನಲ್ಲಿರಲಿಲ್ಲ.

ಟ್ಯೂಬ್ ಹೋಗಿ ಎಲ್‌ಇಡಿ ಬಂತಲ್ಲ, ಕಥೆ ಮುಗೀತು ಅಂದ್ಕೋಬೇಡಿ. ಎಲ್‌ಇಡಿ ಕರೆಂಟು ನಿಂತ ಕ್ಷಣವೇ ಆರುತ್ತೆ, ಟ್ಯೂಬಿಗಿರುವಷ್ಟೂ ತಾಳ್ಮೆ ಅದಕ್ಕಿಲ್ಲ. ಒಳಗಿನ ಡ್ರೈವರ್ ಒಳ್ಳೇದಿದ್ರೆ ಬೆಳಕು ಸ್ಥಿರ. ಅಗ್ಗದ್ದಾದ್ರೆ ಮತ್ತೆ ಅದೇ ಸೆಕೆಂಡಿಗೆ 100 ಮಿಂಚು, ಇನ್ನೂ ಚೂಪಾಗಿ. 2015ರಲ್ಲಿ ಉಜಾಲಾ ಯೋಜನೆಯಿಂದ ಎಲ್‌ಇಡಿ ಬಲ್ಬು ನಮ್ಮಲ್ಲಿ ಮನೆಮನೆಗೆ ಬಂತು. ಅದೇ ವರ್ಷ ಐಇಇಇ ಸಂಸ್ಥೆ ಎಲ್‌ಇಡಿ ಮಿಣುಕಿನ ಬಗ್ಗೆ 1789 ಅನ್ನೋ ಸಂಖ್ಯೆಯ ಶಿಫಾರಸು ಹೊರಡಿಸಿತು. ಬಲ್ಬು ಕೊಳ್ಳುವಾಗ ನಾವು ನೋಡೋದು ಮಾತ್ರ ವಾಟ್ ಎಷ್ಟು, ರೇಟ್ ಎಷ್ಟು!

ಷೆಡ್ಡಿಗೆ ನಾವು ಮಾಡಿಕೊಂಡ ವ್ಯವಸ್ಥೆ ಇಷ್ಟೇ. ಮೇಲೆ ಹಾಲುಬಣ್ಣದ ಮುಚ್ಚಳವಿರುವ, ಮಿಣುಕದ ಎರಡು ಉದ್ದ ಎಲ್‌ಇಡಿ. ಲೇತಿನ ಹಿಂದಿನ ಗೋಡೆಗೆ ಬಿಳಿ ಸುಣ್ಣ. ಗೋಡೆಗೆ ಬಿಗಿದ ತೋಳಿನ ಮೇಲೆ 24 ವೋಲ್ಟ್ ಡಿಸಿಯ ಒಂದು ದೀಪ, ಅದರ ಬುರುಡೆ ಕಣ್ಣಿಗೆ ನೇರ ಕಾಣದ ಹಾಗೆ, ಟೂಲಿನ ತುದಿಗೆ ಓರೆಯಾಗಿ ಬೆಳಕು ಬೀಳೋ ಹಾಗೆ. ಓರೆ ಬೆಳಕಿನಲ್ಲಿ ಟೂಲು ಕೊರೆದ ಸಣ್ಣ ಗೆರೆಗಳೂ ಎದ್ದು ಕಾಣುತ್ತವೆ. ಅರವತ್ತು ದಾಟಿದವರ ಕಣ್ಣಿನ ಪರದೆಗೆ ಇಪ್ಪತ್ತರವರಿಗೆ ತಲುಪುವ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ತಲುಪುತ್ತೆ ಅಂತಾರೆ. ಹಾಗಾಗಿ ಬೆಳಕನ್ನು ನನ್ನ ಕಣ್ಣಿನ ಅಳತೆಗಲ್ಲ, ಅಪ್ಪನ ಕಣ್ಣಿನ ಅಳತೆಗೆ ಇಟ್ಟೆವು.

ನಿಮ್ಮನೆಯಲ್ಲಿ ಲೇತ್ ಇರಲಿಕ್ಕಿಲ್ಲ. ಆದ್ರೆ ಡ್ರಿಲ್ಲು, ಮಿಕ್ಸಿ, ಹೊಲಿಗೆ ಮೆಷೀನು, ಫ್ಯಾನು ಇದ್ದೇ ಇರುತ್ತೆ. ರಾತ್ರಿ ಬೇರೆ ದೀಪ ಆರಿಸಿ, ಒಂದು ಬಲ್ಬಿನ ಕೆಳಗೆ ಪೆನ್ಸಿಲ್ಲನ್ನು ಬೀಸಣಿಗೆ ಹಾಗೆ ಜೋರಾಗಿ ಆಡಿಸಿ. ಒಂದೇ ಮಸುಕು ಪಟ್ಟಿ ಕಂಡ್ರೆ ಬೆಳಕು ಒಳ್ಳೇದು. ಬಿಡಿಬಿಡಿಯಾಗಿ ಹತ್ತಾರು ಪೆನ್ಸಿಲ್ ಕಂಡ್ರೆ ಆ ಬಲ್ಬು ಮಿಣುಕ್ತಿದೆ ಅಂತ ಅರ್ಥ. ಮೊಬೈಲ್ ಕ್ಯಾಮೆರಾ ಹಿಡಿದ್ರೆ ಎಷ್ಟೋ ಸಲ ಕಪ್ಪು ಪಟ್ಟೆಗಳೂ ಕಾಣ್ತವೆ. ನಿಮ್ಮನೆಯ ಎಷ್ಟು ಬಲ್ಬುಗಳು ಸುಳ್ಳು ಹೇಳ್ತಿವೆ ಅಂತ ನೋಡಿ, ಕಾಮೆಂಟಿನಲ್ಲಿ ತಿಳಿಸಿ.