ದೈಹಿಕ ಪರೀಕ್ಷೆಯ ತಯಾರಿ: ಸ್ನಾಯು ನಡುಕದ ಕುರಿತು ಅಭ್ಯರ್ಥಿಗಳ ಗಮನಕ್ಕೆ

ಹರಪನಹಳ್ಳಿ ತಾಲ್ಲೂಕು ತೆಲಿಗಿ ಹೋಬಳಿ ವ್ಯಾಪ್ತಿಯಲ್ಲಿ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಯ ದೈಹಿಕ ಪರೀಕ್ಷೆಗೆ ತಯಾರಿ ನಡೆಸುವ ಅಭ್ಯರ್ಥಿಗಳಿಗೆ ಈ ಕೆಳಕಂಡಂತೆ ತಿಳಿಯಪಡಿಸಲಾಗಿದೆ.

ಓಟ, ದಂಡ, ಬಸ್ಕಿಗಳ ವೇಳೆ ತೊಡೆ, ತೋಳುಗಳು ನಡುಗುವುದು ಸಾಮಾನ್ಯವಾಗಿ ಸ್ನಾಯು ದಣಿದುದರ ಲಕ್ಷಣವಾಗಿರುತ್ತದೆ. ದಣಿದ ಸ್ನಾಯುತಂತುಗಳ ಸಂಕೋಚನವು ಲಯ ತಪ್ಪುವುದೇ ಇದಕ್ಕೆ ಕಾರಣ. ಹಸಿವು, ನೀರಿನ ಕೊರತೆ, ನಿದ್ರಾಹೀನತೆಗಳಿಂದಲೂ ನಡುಕ ಹೆಚ್ಚಬಹುದು. ಆದುದರಿಂದ ಇದನ್ನು ವ್ಯಾಯಾಮವು ಫಲಕಾರಿಯಾದುದಕ್ಕೆ ಅಳತೆಗೋಲೆಂದು ಪರಿಗಣಿಸತಕ್ಕದ್ದಲ್ಲ. ಪುರುಷ ಅಭ್ಯರ್ಥಿಗಳು ನಿಗದಿತ ಅವಧಿಯಲ್ಲಿ ಪೂರೈಸಬೇಕಾದ 1600 ಮೀಟರ್ ಓಟದ ಸಾಮರ್ಥ್ಯವು ಹಲವು ವಾರಗಳ ಕ್ರಮಬದ್ಧ ಅಭ್ಯಾಸದಿಂದ ಮಾತ್ರ ಲಭಿಸುತ್ತದೆ.

ನಡುಕ ಕಂಡುಬಂದಲ್ಲಿ ಅಭ್ಯಾಸ ನಿಲ್ಲಿಸಿ, ನೆರಳಿನಲ್ಲಿ ವಿಶ್ರಮಿಸಿ, ನೀರು ಕುಡಿಯುವುದು. ವಿಶ್ರಾಂತಿಯ ನಂತರವೂ ನಿಲ್ಲದಿದ್ದಲ್ಲಿ, ಅಥವಾ ಮೂತ್ರವು ಕಡುಕಂದು ಬಣ್ಣಕ್ಕೆ ತಿರುಗಿದಲ್ಲಿ ಕೂಡಲೇ ವೈದ್ಯರನ್ನು ಕಾಣುವುದು. ಎದೆನೋವು, ಪ್ರಜ್ಞಾಹೀನತೆಯಂತಹ ತುರ್ತು ಸಂದರ್ಭದಲ್ಲಿ 108ಕ್ಕೆ ಕರೆ ಮಾಡುವುದು.