ಬೀಳಗಿಯ ಕೋಗಿಲೆ: ಅಮೀರಬಾಯಿ ಕರ್ನಾಟಕಿ

ಬಾಗಲಕೋಟೆಯ ಸೀಮೆಯ ಹಿರಿಮೆಯನ್ನು ಎಣಿಸಹೊರಟವರು ಮೊದಲು ಬಾದಾಮಿಯ ಮೇಣಬಸದಿಗಳನ್ನು ಹೆಸರಿಸುವರು. ಬಳಿಕ ಹುನಗುಂದದ ಕಡೆಗೆ ತಿರುಗಿ ಐಹೊಳೆಯ ಗುಡಿಗಳನ್ನೂ ಕೂಡಲಸಂಗಮವನ್ನೂ ನೆನೆಯುವರು. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಕುಬಸದ ಕಣ ಇವನ್ನಂತೂ ಯಾರೂ ಮರೆಯುವದಿಲ್ಲ. ಕಣ್ಣಿಗೆ ಕಾಣುವ ವಸ್ತುಗಳು ಲೆಕ್ಕಕ್ಕೆ ಬೇಗನೆ ಸಿಕ್ಕುವವು. ಕಿವಿಗೆ ಮಾತ್ರ ನಿಲುಕುವ ಸಂಪತ್ತೊಂದು ಇದೇ ನಾಡಿನಲ್ಲಿ ಹುಟ್ಟಿ, ಒಂದು ಕಾಲಕ್ಕೆ ಮುಂಬಯಿಯಿಂದ ಕಲಕತ್ತೆಯವರೆಗೂ ಮನೆಮನೆಯ ಮಾತಾಗಿತ್ತೆಂಬುದು ಈ ಎಣಿಕೆಯಲ್ಲಿ ಬಹುಕಾಲ ಬಿಟ್ಟುಹೋಗಿತ್ತು. ಆ ಕೊರಳು ಬೀಳಗಿಯದು. ಅದರ ಒಡತಿ ಅಮೀರಬಾಯಿ ಕರ್ನಾಟಕಿ.

ಬೀಳಗಿಯು ಘಟಪ್ರಭಾ ಕೃಷ್ಣಾ ನದಿಗಳ ನಡುವಣ ಊರು. 1884ರಲ್ಲಿ ಹೊಟಗಿಯಿಂದ ಗದಗಿನವರೆಗೆ ರೈಲುದಾರಿ ತೆರೆದಾಗ ವಿಜಾಪುರ, ಬಾಗಲಕೋಟೆ, ಬಾದಾಮಿಗಳಿಗೆ ಅದು ಮುಟ್ಟಿತು, ಬೀಳಗಿಗೆ ಮುಟ್ಟಲಿಲ್ಲ. ಆದರೆ ನಾಟಕದ ಹುಚ್ಚಿಗೆ ರೈಲಿನ ಹಂಗಿರಲಿಲ್ಲ. ಈ ಭಾಗದ ಹಳ್ಳಿಹಳ್ಳಿಯಲ್ಲಿಯೂ ಆಟ, ಪದ, ಬಯಲಾಟಗಳ ರೂಢಿ ಆಳವಾಗಿ ಬೇರೂರಿತ್ತು. ‘ರಕ್ತರಾತ್ರಿ’, ‘ಚಿತ್ರಾಂಗದಾ’ ಮೊದಲಾದ ನಾಟಕಗಳನ್ನು ಬರೆದು ಕನ್ನಡದ ಶೇಕ್ಸ್‌ಪಿಯರ್ ಎನ್ನಿಸಿಕೊಂಡ ಕಂದಗಲ್ಲ ಹನುಮಂತರಾಯರು ಹುನಗುಂದ ತಾಲೂಕಿನ ಕಂದಗಲ್ಲಿನವರೇ. ಇತ್ತ ಕನ್ನಡ ಕಂಪನಿಗಳು, ಅತ್ತ ಮಹಾರಾಷ್ಟ್ರದಿಂದ ಬರುವ ಸಂಗೀತ ನಾಟಕ ಮಂಡಳಿಗಳು, ಇವೆರಡರ ಹಾಡನ್ನೂ ಕೇಳುತ್ತ ಒಂದು ತಲೆಮಾರು ಬೆಳೆಯಿತು. ಬೀಳಗಿಯ ಮುಸಲ್ಮಾನ ಮನೆತನವೊಂದರ ಐವರು ಸೋದರಿಯರಲ್ಲಿ ಇಬ್ಬರು, ಹಿರಿಯಳಾದ ಗೋಹರಬಾಯಿ ಹಾಗೂ ಅಮೀರಬಾಯಿ, ಆ ತಲೆಮಾರಿನವರು.

ಆ ಕಾಲದಲ್ಲಿ ಹೆಣ್ಣುಮಗಳು ರಂಗಭೂಮಿಯನ್ನೇರುವದೆಂದರೆ ಮರ್ಯಾದೆಯ ಮನೆತನಗಳು ಮೂಗು ಮುರಿಯುತ್ತಿದ್ದವು. ಸ್ತ್ರೀಪಾತ್ರಗಳನ್ನು ಗಂಡಸರೇ ಧರಿಸುವದು ರೂಢಿ. ಹಾಡುವ ಹೆಣ್ಣನ್ನು ಕೇಳಿ ತಲೆದೂಗುವ ಜನವೇ ಆಕೆಯನ್ನು ಪಂಕ್ತಿಯಲ್ಲಿ ಕೂಡಿಸಿಕೊಳ್ಳಲು ಹಿಂಜರಿಯುತ್ತಿದ್ದರು. ಮುಂಬಯಿಯ ಚಿತ್ರಪಟದ ಉದ್ಯೋಗವು ಇಂಥ ಹೆಣ್ಣುಮಕ್ಕಳಿಗೆ ಒಂದು ಬಾಗಿಲನ್ನು ತೆರೆಯಿತು. ಮೊದಲು ಗೋಹರಬಾಯಿಯವರು ಅಲ್ಲಿಗೆ ಹೋಗಿ ನಟಿಯಾಗಿ ನೆಲೆಸಿದರು. ಬಳಿಕ ತಂಗಿಯನ್ನು ಕರೆಸಿಕೊಂಡರು. ಅಮೀರಬಾಯಿಯವರ ಕಂಠವನ್ನು ಕೇಳಿ ಮೆಚ್ಚಿದ ಗ್ರಾಮೋಫೋನ್ ಕಂಪನಿಯವರು ಅವರಿಂದ ಒಂದು ಕವ್ವಾಲಿಯನ್ನು ಹಾಡಿಸಿದರು. ಅದು ಜನಪ್ರಿಯವಾಯಿತು. ಅಕ್ಕನ ನೆರವಿನಿಂದ 1934ರಲ್ಲಿ ‘ವಿಷ್ಣುಭಕ್ತಿ’ಯೆಂಬ ಬೋಲಪಟದಲ್ಲಿ ಪಾತ್ರವೂ ದೊರೆಯಿತು. ಕನ್ನಡದ ಮೊದಲ ಬೋಲಪಟವಾದ ‘ಸತೀ ಸುಲೋಚನಾ’ ತೆರೆಕಂಡುದೂ ಅದೇ ವರ್ಷವೇ.

ಇಲ್ಲಿ ಹೆಸರಿನ ಮಾತೊಂದನ್ನು ಹೇಳತಕ್ಕದ್ದಿದೆ. ಅಂದಿನ ಗಾಯಕಿಯರು ತಮ್ಮ ಊರಿನ ಹೆಸರನ್ನೇ ಅಡ್ಡಹೆಸರಾಗಿ ಇಟ್ಟುಕೊಳ್ಳುವದು ವಾಡಿಕೆ. ಅಂಬಾಲೆಯ ಜೋಹರಾಬಾಯಿ ಅಂಬಾಲೆವಾಲಿಯಾದರು. ಬಡೋದೆಯ ಹೀರಾಬಾಯಿ ಬಡೋದೇಕರರಾದರು. ನಮ್ಮವರೇ ಆದ ಗಂಗೂಬಾಯಿಯವರು ಹಾನಗಲ್ಲನ್ನು ಕೈಬಿಡಲಿಲ್ಲ. ಮುಂಬಯಿಯ ಪೇಟೆಯಲ್ಲಿ ಬೀಳಗಿಯೆಂದರೆ ಯಾರಿಗೆ ಗೊತ್ತು? ಅದೇ ನಗರದಲ್ಲಿ ರಣಜಿತ್ ಚಿತ್ರಸಂಸ್ಥೆಯ ಪ್ರಖ್ಯಾತ ನಟಿಯ ಹೆಸರೂ ಗೋಹರ್ ಎಂದೇ ಇತ್ತು. ಅವರಿಗಿಂತ ಹಿಂದಿನ, ಗ್ರಾಮೋಫೋನಿನ ಮೊದಲ ತಾರೆಯಾದ ಗೌಹರ್ ಜಾನ್ 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡಿದ್ದರು. ಈ ಗೋಹರರ ಸಂತೆಯಲ್ಲಿ ‘ಕರ್ನಾಟಕಿ’ಯೆಂಬ ಗುರುತು ಅಕ್ಕನಿಗೆ ಅನುಕೂಲವೇ ಆಯಿತು, ತಂಗಿಗೂ ಅದೇ ನಿಂತಿತು. ಆಗ ಕರ್ನಾಟಕವೆಂಬ ಪ್ರಾಂತವು ನಕಾಶೆಯಲ್ಲಿ ಇರಲಿಲ್ಲ. ವಿಜಾಪುರ ಜಿಲ್ಲೆಯು ಮುಂಬಯಿ ಇಲಾಖೆಗೆ ಸೇರಿತ್ತು. ಇಲ್ಲದ ನಾಡಿನ ಹೆಸರನ್ನು ಬೀಳಗಿಯ ಇಬ್ಬರು ಹೆಣ್ಣುಮಕ್ಕಳು ತೆರೆಯ ಮೇಲೆ, ತಟ್ಟೆಯ ಮೇಲೆ ಅಚ್ಚೊತ್ತಿಸಿದರು. ಏಕೀಕರಣದ ಚರಿತ್ರೆಯನ್ನು ಬರೆದವರು ಇದನ್ನು ಗಮನಿಸಿದಂತೆ ತೋರುವದಿಲ್ಲ.

ಬೋಲಪಟದ ಮೊದಲ ವರ್ಷಗಳಲ್ಲಿ ನಟಿಯಾದವಳು ತಾನೇ ಹಾಡಬೇಕಾಗಿತ್ತು. ಯಂತ್ರದ ಮುಂದೆ ನಿಂತು, ಮುಖವನ್ನೂ ತೋರಿಸಿ, ಆ ಕ್ಷಣದಲ್ಲಿಯೇ ಕೊರಳನ್ನೂ ತೆರೆಯಬೇಕು. ಮರದ ಮರೆಯಲ್ಲಿ ಪೇಟಿ ತಬಲಾದವರು ಅಡಗಿ ಕುಳಿತಿರುವರು. 1935ರಲ್ಲಿ ಕಲಕತ್ತೆಯ ನ್ಯೂ ಥಿಯೇಟರ್ಸದವರು ‘ಧೂಪ್ ಛಾಂವ್’ ಚಿತ್ರದಲ್ಲಿ ಹಾಡನ್ನು ಮೊದಲೇ ಮುದ್ರಿಸಿಕೊಂಡು ಬಳಿಕ ಅಭಿನಯಿಸುವ ಪದ್ಧತಿಯನ್ನು ತಂದರು. ಇದರಿಂದ ಮುಖವೂ ಕೊರಳೂ ಬೇರೆ ಬೇರೆಯಾದವು. ಅಮೀರಬಾಯಿಯವರ ಬಾಳಿನ ಏರು ಇಳಿವುಗಳೆಲ್ಲ ಈ ಒಂದು ಬೇರ್ಪಡಿಕೆಯನ್ನು ಹಿಡಿದು ನಡೆದವು. ಮೊದಲಿಗೆ ಅವರು ಮುಖವೂ ಹೌದು, ಕೊರಳೂ ಹೌದು. 1940ರಲ್ಲಿ ವಿಜಯ ಭಟ್ಟರು ತೆಗೆದ ‘ನರಸಿ ಭಗತ್’ ಚಿತ್ರದಲ್ಲಿ ವಿಷ್ಣುಪಂತ ಪಾಗನೀಸ, ದುರ್ಗಾ ಖೋಟೆಯವರ ಸಂಗಡ ಅಭಿನಯಿಸಿದರು. ಗುಜರಾತದ ಸಂತ ನರಸಿ ಮೆಹತಾನ ಭಜನೆಗಳು ಅವರ ಕೊರಳಿಗೆ ಚೆನ್ನಾಗಿ ಒಗ್ಗಿದವು.

ಬಳಿಕ 1943 ಬಂದಿತು. ಬಾಂಬೇ ಟಾಕೀಜದ ‘ಕಿಸ್ಮತ್’ ಬಿಡುಗಡೆಯಾಯಿತು. ಗ್ಯಾನ್ ಮುಖರ್ಜಿಯವರು ಅದರ ದಿಗ್ದರ್ಶಕರು, ಅನಿಲ್ ಬಿಸ್ವಾಸರು ಸಂಗೀತಕಾರರು, ಅಶೋಕಕುಮಾರ ಹಾಗೂ ಮುಮ್ತಾಜ್ ಶಾಂತಿ ನಾಯಕನಾಯಿಕೆಯರು. ಕಾಲು ಊನವಾದ ಹಾಡುಗಾತಿಯೊಬ್ಬಳ ಕಥೆಯದು. ತೆರೆಯ ಮೇಲೆ ತುಟಿ ಆಡಿಸಿದವರು ಮುಮ್ತಾಜ್ ಶಾಂತಿ. ಜನರ ಎದೆಗೆ ತಾಗಿದ ಸ್ವರ ಅಮೀರಬಾಯಿಯವರದು. ದೀಪಾವಳಿಯ ರಾತ್ರಿಯ ಶೋಕಗೀತವಿರಲಿ, ದಿಕ್ಕಿಲ್ಲದವಳ ಮೊರೆಯಿರಲಿ, ಅವರು ಅದನ್ನು ಕೊಂಕಿಸದೆ, ಮಿತಿಮೀರಿ ಅಲಂಕರಿಸದೆ, ತುಂಬಿದ ಕಂಠದಿಂದ ನೇರವಾಗಿ ಹಾಡಿದರು. ನಾಟಕದ ಹಾಡುಗಾರಿಕೆಯ ಬಲವೂ ಹೊಸ ಯಂತ್ರಕ್ಕೆ ಬೇಕಾದ ಹದವೂ ಅಲ್ಲಿ ಕೂಡಿದ್ದವು.

ಅದೇ ಚಿತ್ರದಲ್ಲಿ ಕವಿ ಪ್ರದೀಪರು ಬರೆದ ಸಮೂಹಗೀತವೊಂದಿತ್ತು. ಪರಕೀಯರನ್ನು ನಾಡಿನಿಂದ ಹೊರಗೆ ದೂಡುವ ಭಾವ ಅದರದು. 1942ರ ಆಗಸ್ಟಿನ ಚಳವಳಿಯ ಕಾವು ಇನ್ನೂ ಆರಿರಲಿಲ್ಲ, ಮಹಾತ್ಮರು ಸೆರೆಯಲ್ಲಿದ್ದರು. ಹಾಡಿನೊಳಗೆ ಜರ್ಮನರ ಹಾಗೂ ಜಪಾನೀಯರ ಹೆಸರು ಬಂದುದರಿಂದ ಸರಕಾರದ ಪರೀಕ್ಷಕರು ಅದನ್ನು ಯುದ್ಧಕಾಲಕ್ಕೆ ಒಪ್ಪುವ ಪದವೆಂದು ಬಗೆದು ಬಿಟ್ಟುಕೊಟ್ಟರು. ಪ್ರೇಕ್ಷಕರಿಗೆ ಮಾತ್ರ ಪರಕೀಯರು ಯಾರೆಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬಂಧನದ ಭಯದಿಂದ ಪ್ರದೀಪರು ಕೆಲಕಾಲ ತಲೆಮರೆಸಿಕೊಳ್ಳಬೇಕಾಯಿತು. ಆ ಹಾಡನ್ನು ಖಾನ್ ಮಸ್ತಾನಾರ ಜೊತೆಗೆ ಮೇಳದ ಮುಂದೆ ನಿಂತು ಹಾಡಿದವರು ಅಮೀರಬಾಯಿಯವರು. ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ‘ಕಿಸ್ಮತ್’ ಮೂರು ವರ್ಷಕ್ಕೂ ಮಿಕ್ಕಿ ನಡೆಯಿತು. ಅಷ್ಟು ದಿನವೂ ಒಂದೊಂದು ಆಟಕ್ಕೂ ಬೀಳಗಿಯ ಕೊರಳು ಆ ಮಾತನ್ನು ಸಾರುತ್ತಲೇ ಇತ್ತು.

ಮುಂದಿನ ನಾಲ್ಕೈದು ವರ್ಷ ಅವರದೇ ಕಾಲ. ಖೇಮಚಂದ ಪ್ರಕಾಶರ ‘ಭರ್ತೃಹರಿ’, ನೌಷಾದರ ‘ರತನ್’ ಇವೆರಡೂ 1944ರವು. 1947ರ ‘ಶಹನಾಯಿ’ಯಲ್ಲಿ ಸಿ. ರಾಮಚಂದ್ರರು ಹಾಡಿಸಿದರು. ಗುಜರಾತೀ ಭಾಷೆಯನ್ನು ಅವರು ಎಷ್ಟು ಚೆನ್ನಾಗಿ ಒಲಿಸಿಕೊಂಡಿದ್ದರೆಂದರೆ, 1946ರ ‘ರಾಣಕದೇವಿ’ ಚಿತ್ರದಲ್ಲಿ ಹಾಡಿದ ಹಳ್ಳಿಯ ಧಾಟಿಯ ಗೀತವು ಗುಜರಾತದಲ್ಲಿ ಜಾನಪದದಂತೆ ಹಬ್ಬಿತು. 1948ರಲ್ಲಿ ‘ಶಹನಾಜ್’ ಚಿತ್ರಕ್ಕೆ ಸಂಗೀತ ನಿರ್ದೇಶನವನ್ನೂ ಮಾಡಿದರು. ಸರಸ್ವತೀದೇವಿಯವರಂಥ ಒಬ್ಬಿಬ್ಬರನ್ನು ಬಿಟ್ಟರೆ ಆ ಪೀಠದಲ್ಲಿ ಸ್ತ್ರೀಯರನ್ನು ಕೂಡಿಸುವ ಮನಸ್ಸು ಆ ಉದ್ಯೋಗಕ್ಕೆ ಇರಲಿಲ್ಲ. ನಾಡವರು ಅವರನ್ನು ಕನ್ನಡ ಕೋಗಿಲೆಯೆಂದು ಕರೆದರು. ಗಳಿಸಿದ ಹಣದಿಂದ ವಿಜಾಪುರದಲ್ಲಿ ‘ಅಮೀರ್ ಟಾಕೀಜ್’ ಎದ್ದಿತು.

ಮನೆಯೊಳಗಿನ ಬಾಳು ಇಷ್ಟು ಹಸನಾಗಿರಲಿಲ್ಲ. ಖಳಪಾತ್ರಗಳಿಗೆ ಹೆಸರಾದ ನಟ ಹಿಮಾಲಯವಾಲಾರೊಡನೆ ಆದ ಮದುವೆಯು ದುಃಖದಲ್ಲಿ ಮುಗಿಯಿತು. ಅವರು ಪಾಕಿಸ್ತಾನಕ್ಕೆ ಹೋದರು. ಬಳಿಕ ಪತ್ರಿಕಾಕರ್ತರಾದ ಬದ್ರಿ ಕಾಂಚವಾಲಾರನ್ನು ಮದುವೆಯಾಗಿ ಅಮೀರಬಾಯಿಯವರು ನೆಮ್ಮದಿಯನ್ನು ಕಂಡರು. ಈ ಸಂಗತಿಯನ್ನು ರಸಕಥೆಯಾಗಿ ಹಿಗ್ಗಿಸುವವರು ಬೇಕಾದಷ್ಟಿರುವರು.

ಇದೇ ಹೊತ್ತಿಗೆ ಅಕ್ಕ ಬೇರೊಂದು ಬಿರುಗಾಳಿಯ ನಡುವೆ ನಿಂತಿದ್ದರು. ನಾರಾಯಣರಾವ ರಾಜಹಂಸರು, ಎಂದರೆ ಬಾಲಗಂಧರ್ವರು, ಸ್ತ್ರೀಪಾತ್ರವನ್ನು ಧರಿಸಿ ಮಹಾರಾಷ್ಟ್ರದ ಹೆಣ್ಣುಮಕ್ಕಳಿಗೇ ಉಡಿಗೆ ತೊಡಿಗೆಯ ಮಾದರಿಯಾಗಿದ್ದವರು. ಗೋಹರಬಾಯಿಯವರು ಅವರ ಗಾಯನವನ್ನು ಕೇಳಿ ಕೇಳಿ ಅದೇ ಶೈಲಿಯನ್ನು ತಮ್ಮದಾಗಿಸಿಕೊಂಡು, 1938ರ ಸುಮಾರಿಗೆ ಅವರ ಮಂಡಳಿಯನ್ನು ಸೇರಿದರು. ವಿಚಿತ್ರವನ್ನು ನೋಡಿರಿ: ಹೆಣ್ಣನ್ನು ಅನುಕರಿಸಿದ ಗಂಡಸನ್ನು ಒಬ್ಬ ಹೆಣ್ಣುಮಗಳು ಅನುಕರಿಸಿ, ಅವರು ಬಿಟ್ಟ ಸ್ತ್ರೀಪಾತ್ರಗಳನ್ನು ತಾನು ವಹಿಸಿದಳು. ಕಲೆಯ ಸಂಬಂಧವು ಬಾಳಿನ ಸಂಬಂಧವಾಯಿತು. 1950ರ ನಂತರ ಅವರು ಮದುವೆಯಾದರು. ರಸಿಕರಲ್ಲಿ ಅನೇಕರು ಇದನ್ನು ಸಹಿಸಲಿಲ್ಲ. ಗಂಧರ್ವರ ವೈಭವವು ಕುಸಿದುದಕ್ಕೆ ಈ ಕರ್ನಾಟಕದ ಮುಸಲ್ಮಾನ ಹೆಣ್ಣೇ ಕಾರಣವೆಂದು ಆಡಿಕೊಂಡರು. ಕಾಲಾನುಕ್ರಮವನ್ನು ನೋಡಿದರೆ ಆ ಆರೋಪವು ನಿಲ್ಲಲಾರದು. ಮಂಡಳಿಯ ಸಾಲವು 1920ರ ದಶಕದಿಂದಲೇ ಬೆಳೆದುಬಂದಿತ್ತು. ಬೋಲಪಟವು ಬಂದು ನಾಟಕಗೃಹಗಳನ್ನು ಬರಿದು ಮಾಡಿತ್ತು. ಗಂಧರ್ವರೇ ಮಂಡಳಿಯನ್ನು ನಿಲ್ಲಿಸಿ, 1935ರಲ್ಲಿ ಪ್ರಭಾತದವರ ‘ಧರ್ಮಾತ್ಮಾ’ ಚಿತ್ರದಲ್ಲಿ ಅಭಿನಯಿಸಿ, ಆ ದಾರಿ ತಮಗೆ ಒಗ್ಗದೆಂದು ಮರಳಿದ್ದರು. ಗೋಹರಬಾಯಿಯವರು ಕಾಲಿಟ್ಟುದು ಮುಳುಗುತ್ತಿದ್ದ ಹಡಗಿನಲ್ಲಿ. ಗಂಧರ್ವರು ಕಾಲಿನ ಬಲವನ್ನು ಕಳೆದುಕೊಂಡ ಮೇಲೆ ಅವರನ್ನು ನೋಡಿಕೊಂಡವರೂ ಈಕೆಯೇ. 1964ರಲ್ಲಿ ಗೋಹರಬಾಯಿಯವರು ತೀರಿಕೊಂಡರು; ಮೂರು ವರ್ಷಗಳ ಬಳಿಕ ಗಂಧರ್ವರು.

ತಂಗಿಯ ಇಳಿಗಾಲಕ್ಕೆ ಕಾರಣವು ಬೇರೆ. 1947ರ ವಿಭಜನೆಯಿಂದ ನೂರಜಹಾನ್, ಖುರ್ಷೀದ್ ಮೊದಲಾದವರು ಆಚೆಗೆ ಹೋದರು. ಅಮೀರಬಾಯಿಯವರು ಇಲ್ಲಿಯೇ ಉಳಿದರು. ಆದರೆ ಕಿವಿಗಳ ರುಚಿಯೇ ಬದಲಾಯಿತು. 1949ರಲ್ಲಿ ‘ಮಹಲ್’, ‘ಬರಸಾತ್’ ಚಿತ್ರಗಳು ಬಂದು ಲತಾ ಮಂಗೇಶಕರರ ತೆಳುವಾದ, ಎತ್ತರದ ಸ್ವರವು ಮಾದರಿಯಾಯಿತು. ರಂಗಭೂಮಿಯ ತುಂಬುಕಂಠಗಳು ಒಂದೊಂದಾಗಿ ಹಿಂದೆ ಸರಿದವು. ‘ಮಹಲ್’ದ ಹೆಸರಾಂತ ಹಾಡಿನ ತಟ್ಟೆಯ ಮೇಲೆ ಮೊದಲಿಗೆ ಅಚ್ಚಾದುದು ಗಾಯಕಿಯ ಹೆಸರಲ್ಲ, ಕಥೆಯ ನಾಯಿಕೆಯ ಹೆಸರು, ಹಿನ್ನೆಲೆಯ ಗಾಯಕಿಗೆ ಇದ್ದ ಬೆಲೆ ಇದರಿಂದ ತಿಳಿಯುವದು. ಅಮೀರಬಾಯಿಯವರು ಮತ್ತೆ ಅಭಿನಯಕ್ಕೆ ಮರಳಿ, ತಾಯಿ, ಅತ್ತೆ ಮೊದಲಾದ ಪೋಷಕ ಪಾತ್ರಗಳನ್ನು ವಹಿಸಿದರು. ಮೊದಲು ಮುಖವಿಲ್ಲದ ಕೊರಳಾಗಿದ್ದವರು ಈಗ ಕೊರಳಿಲ್ಲದ ಮುಖವಾದರು.

ಸೋವಿಯತ್ ದೇಶದ ಲ್ಯುಬೋವ್ ಒರ್ಲೋವಾ ಎಂಬ ಹಾಡುವ ನಟಿಯು ಈ ಸಂದರ್ಭದಲ್ಲಿ ನೆನಪಿಗೆ ಬರುವಳು. ಆಕೆಯ ಹೆಸರು ಬೆಳಗಿದುದೂ 1934ರ ವಿನೋದಚಿತ್ರವೊಂದರಿಂದಲೇ. ಅಲ್ಲಿ ಚಿತ್ರೋದ್ಯೋಗವು ಸರಕಾರದ್ದು. ಪತಿಯಾದ ಅಲೆಕ್ಸಾಂದ್ರೋವನೇ ದಿಗ್ದರ್ಶಕನಾಗಿ ಆಕೆಗೆಂದು ಚಿತ್ರಗಳನ್ನು ಹೊಸೆದನು. 1941ರಲ್ಲಿ ಸ್ತಾಲಿನ್ ಪಾರಿತೋಷಕ, 1950ರಲ್ಲಿ ಜನತಾ ಕಲಾವಿದೆಯೆಂಬ ಬಿರುದು ದೊರೆತವು. ಆ ಆಸರೆಗೆ ತೆರಬೇಕಾದ ಬೆಲೆಯೂ ಇದ್ದೀತು. ಆದರೆ ಒರ್ಲೋವಾಳ ಮುಖವನ್ನೂ ಕೊರಳನ್ನೂ ಯಾರೂ ಅಗಲಿಸಲಿಲ್ಲ. ಮುಂಬಯಿಯ ಪೇಟೆಯಲ್ಲಿ ಅಮೀರಬಾಯಿಯವರಿಗೆ ಪ್ರಭುತ್ವದ ಆಸರೆಯೂ ಇರಲಿಲ್ಲ, ತಮ್ಮದೆನ್ನುವ ಚಿತ್ರಸಂಸ್ಥೆಯೂ ಇರಲಿಲ್ಲ.

1965ರಲ್ಲಿ ಪಾರ್ಶ್ವವಾಯು ಹೊಡೆದು ಅಮೀರಬಾಯಿಯವರು ಕೆಲವೇ ದಿನಗಳಲ್ಲಿ ಕಾಲವಾದರು. ಅವರನ್ನು ವಿಜಾಪುರದ ಮಣ್ಣಿಗೇ ತಂದು ಮಣ್ಣುಮಾಡಲಾಯಿತು. ಆ ವೇಳೆಗೆ ಕನ್ನಡ ನಾಡು ಒಂದಾಗಿ ಒಂಬತ್ತನೆಯ ವರ್ಷ ನಡೆದಿತ್ತು. ರಾಜ್ಯದ ಹೆಸರು ಮಾತ್ರ ಇನ್ನೂ ಮೈಸೂರೆಂದೇ ಇತ್ತು. ಅದಕ್ಕೆ ಕರ್ನಾಟಕವೆಂಬ ಹೆಸರು ಬಂದುದು 1973ರ ನವೆಂಬರ 1ರಂದು. 1997ರಲ್ಲಿ ವಿಜಾಪುರದಿಂದ ಬೇರ್ಪಟ್ಟ ಬಾಗಲಕೋಟೆ ಜಿಲ್ಲೆಯಲ್ಲಿ ಬೀಳಗಿಯು ಸೇರಿತು. ರಹಮತ್ ತರೀಕೆರೆಯವರು ಊರೂರು ಅಲೆದು ಅಮೀರಬಾಯಿಯವರ ಚರಿತ್ರೆಯನ್ನು ಕನ್ನಡದಲ್ಲಿ ಗ್ರಂಥರೂಪಕ್ಕೆ ತಂದುದು ಅದಕ್ಕೂ ಈಚೆಗೆ. ಗುಜರಾತಿಗಳ ಮನೆಗಳಲ್ಲಿಯಾದರೋ ‘ರಾಣಕದೇವಿ’ಯ ಆ ಹಾಡು ಅಷ್ಟರಲ್ಲಿ ಅಜ್ಜಿಯರಿಂದ ಮೊಮ್ಮಕ್ಕಳಿಗೆ ದಾಟಿತ್ತು.