ಸುರಪುರದ ಗುಡ್ಡದ ಮೇಲೆ ಬರೆದ ಇಂಗ್ಲಿಷು

ಒಳ್ಳೆ ಇಂಗ್ಲಿಷ್ ಬರಬೇಕಂದ್ರೆ ಬೆಂಗಳೂರಿಗೋ ಹೈದರಾಬಾದಿಗೋ ಹೋಗಬೇಕು ಅನ್ನೋ ಮಾತು ನಮ್ಮ ಯಾದಗಿರಿ, ಶಹಾಪುರ, ಸುರಪುರದ ಕಡೆ ಇವತ್ತಿಗೂ ಇದೆ. ಇತಿಹಾಸ ನನ್ನ ವಿಷಯವಲ್ಲ, ನಾನು ಓದಿದ್ದು ಇಂಜಿನಿಯರಿಂಗ್. ಆದರೂ ಸುರಪುರದ ಚರಿತ್ರೆ ಓದುತ್ತಾ ಹೋದಂತೆ ಈ ಮಾತು ತಲೆಕೆಳಗಾಯಿತು.

ಫಿಲಿಪ್ ಮೆಡೋಸ್ ಟೇಲರ್ ಹೆಸರು ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತೆ. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವನು. 1824ರಲ್ಲಿ, ಇನ್ನೂ ಮೀಸೆ ಬಾರದ ವಯಸ್ಸಿನಲ್ಲಿ, ವ್ಯಾಪಾರಿಯೊಬ್ಬನ ಕೈಕೆಳಗೆ ಕೆಲಸಕ್ಕೆಂದು ಮುಂಬಯಿಗೆ ಬಂದು ಕೊನೆಗೆ ನಿಜಾಮನ ಸೈನ್ಯ ಸೇರಿದ. ಯೂನಿವರ್ಸಿಟಿ ಮೆಟ್ಟಿಲು ಹತ್ತಿದವನಲ್ಲ. ಸರ್ವೆ, ಕಟ್ಟಡ ವಿದ್ಯೆ, ಇಲ್ಲಿನ ಭಾಷೆಗಳು ಎಲ್ಲವನ್ನೂ ಕೆಲಸ ಮಾಡ್ತಾ ಮಾಡ್ತಾ ಕಲಿತ. 1839ರಲ್ಲಿ ಠಕ್ಕರ ಮೇಲಿನ ಕಾದಂಬರಿಯಿಂದ ಹೆಸರಾದ. 1841ರಿಂದ 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡ. ಆ ವರ್ಷಗಳಲ್ಲೇ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬಾತ್ಮೀದಾರ! ಅವನಿದ್ದ ಬಂಗಲೆಗೆ ಸುರಪುರದಲ್ಲಿ ಈಗಲೂ ಟೇಲರ್ ಮಂಜಿಲ್ ಅಂತಲೇ ಹೆಸರು.

ಅಷ್ಟೇ ಅಲ್ಲ. ರಾಜನಕೋಳೂರು, ಜೇವರ್ಗಿ ಕಡೆಯ ಬೃಹತ್ ಶಿಲಾ ಸಮಾಧಿಗಳನ್ನು ಅಗೆಸಿ, ಅಳತೆ ತೆಗೆದು, ಚಿತ್ರ ಬರೆದು, ವಿದ್ವತ್ ಪತ್ರಿಕೆಗಳಿಗೆ ಕಳಿಸಿದ. ಐರ್ಲೆಂಡಿನ ರಾಯಲ್ ಅಕಾಡೆಮಿಯ ಸಂಪುಟದಲ್ಲಿ ಅವನ ದೊಡ್ಡ ಪ್ರಬಂಧ ಬಂತು. ಇವತ್ತು ನಾವು ರಿಸರ್ಚ್ ಪೇಪರ್ ಅಂತೀವಲ್ಲ, ಅದೇ. ಅಂಥ ಬರಹಕ್ಕೆ ಅಲಂಕಾರ ಬೇಡ. ಕಂಡದ್ದೇನು, ಊಹಿಸಿದ್ದೇನು ಅಂತ ಬೇರೆಬೇರೆ ಮಾಡಿ ಹೇಳೋ ಶಿಸ್ತು ಸಾಕು.

ಇನ್ನೊಂದು ಮುಖ ನೋಡಿ. ಟೇಲರ್ ಬಂದಾಗ ವೆಂಕಟಪ್ಪನಾಯಕ ಚಿಕ್ಕ ಹುಡುಗ, ಅವನನ್ನು 'ಅಪ್ಪಾ' ಅಂತ ಕರೆಯುತ್ತಿದ್ದ. 1858ರಲ್ಲಿ ಅದೇ ಹುಡುಗ ಇಂಗ್ಲಿಷರ ವಿರುದ್ಧ ನಿಂತು, ಸೋತು, ಸೆರೆ ಸಿಕ್ಕ. ಚೆಂಗಲ್ಪಟ್ಟಿನ ಸೆರೆಗೆ ಒಯ್ಯುವಾಗ ಗುಂಡು ತಗುಲಿ ಸತ್ತ. ತಾನೇ ಹೊಡೆದುಕೊಂಡ ಅನ್ನುತ್ತದೆ ಟೇಲರನ ಬರಹ. ನಮ್ಮ ಕಡೆ ಅದನ್ನು ನಂಬದವರು ಇದ್ದಾರೆ. ರಾಣಿ ಈಶ್ವರಮ್ಮನನ್ನಂತೂ ಟೇಲರ್ ತನ್ನ ಆತ್ಮಕತೆಯಲ್ಲಿ ಕೆಟ್ಟವಳನ್ನಾಗಿಯೇ ಚಿತ್ರಿಸಿದ್ದಾನೆ. ಅವನ ಪುಸ್ತಕ 1877ರಿಂದ ಜಗತ್ತಿನ ಗ್ರಂಥಾಲಯಗಳಲ್ಲಿದೆ. ಅದಕ್ಕೆ ಎದುರಾಗಿ ಇಡೋಕೆ ಆಕೆಯ ಕೈಯಿಂದ ಬಂದ ಇಂಗ್ಲಿಷ್ ಪುಸ್ತಕ ಇಲ್ಲ. ಟೇಲರ್ ಸುರಪುರವನ್ನು ಪ್ರೀತಿಸಿದ, ನಿಜ. ಆದರೆ ಪ್ರೀತಿಸಿದವನ ಬರಹವೂ ಒಂದು ಕಡೆಯ ಬರಹವೇ ತಾನೇ?

ಆಮೇಲೇನಾಯ್ತು? 1860ರಲ್ಲಿ ಇಂಗ್ಲಿಷರು ಸುರಪುರವನ್ನು ನಿಜಾಮನಿಗೆ ಕೊಟ್ಟುಬಿಟ್ಟರು. ಮೈಸೂರು, ಧಾರವಾಡದ ಹುಡುಗರು ಕಾಲೇಜಲ್ಲಿ ಇಂಗ್ಲಿಷ್ ಓದುವ ಕಾಲಕ್ಕೆ ನಮ್ಮವರಿಗೆ ದೊಡ್ಡ ಓದು ಅಂದರೆ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಉರ್ದು, ಇಂಗ್ಲಿಷ್ ಬರೀ ಒಂದು ಕಡ್ಡಾಯ ವಿಷಯ. ಮನೆಯಲ್ಲಿ ಕನ್ನಡ, ತರಗತಿಯಲ್ಲಿ ಉರ್ದು, ಅದರಾಚೆಗೆ ಇಂಗ್ಲಿಷ್. 1948ರಲ್ಲಿ ಪೊಲೀಸ್ ಕಾರ್ಯಾಚರಣೆ ಆಯ್ತು, 1956ರಲ್ಲಿ ನಾವು ಕನ್ನಡನಾಡು ಸೇರಿದೆವು. ಕನ್ನಡ ಶಾಲೆ ಬಂತು, ಆ ಮೂರನೇ ಮೆಟ್ಟಿಲು ಮಾತ್ರ ಎತ್ತರದಲ್ಲೇ ಉಳಿಯಿತು.

2013ರಿಂದ 371(ಜೆ) ಅಡಿ ನಮ್ಮ ಭಾಗಕ್ಕೆ ಸೀಟು, ಹುದ್ದೆಗಳಲ್ಲಿ ಮೀಸಲಾತಿ ಸಿಕ್ಕಿದೆ. ಬಹಳ ಒಳ್ಳೇದು. ಆದರೆ ಹತ್ತನೇ ತರಗತಿವರೆಗೆ 'ವಿದ್ಯುತ್ಕಾಂತೀಯ ಪ್ರೇರಣೆ' ಓದಿದ ಶಹಾಪುರದ ಹುಡುಗಿ ಪಿಯುಸಿ ಸೈನ್ಸಿನಲ್ಲಿ ಕೂತ ದಿನ ಅದು 'ಎಲೆಕ್ಟ್ರೋಮ್ಯಾಗ್ನೆಟಿಕ್ ಇಂಡಕ್ಷನ್' ಆಗಿರುತ್ತೆ. ವಿಷಯ ಅವಳಿಗೆ ಗೊತ್ತು, ಮಾತು ಹೊಸದು. ಇದನ್ನೇ ದಡ್ಡತನ ಅಂತ ಅಳೆದುಬಿಡ್ತಾರೆ.

ಸ್ಪೋಕನ್ ಇಂಗ್ಲಿಷ್ ಕ್ಲಾಸಿನ 'ಹೌ ಆರ್ ಯೂ' ಇದಕ್ಕೆ ಸಾಲದು ಅಂತ ನನ್ನ ಅನಿಸಿಕೆ. ಬೇಕಾಗಿರೋದು ಬರೆಯೋ ಇಂಗ್ಲಿಷು: ಒಂದು ವಾದ ಹೂಡೋದು, ಪುರಾವೆ ಕೊಡೋದು, ಎದುರಿನವರ ಮಾತಿಗೆ ಉತ್ತರಿಸೋದು. ಕನ್ನಡದಲ್ಲಿ ಹಾಗೆ ಯೋಚಿಸಬಲ್ಲವರಿಗೆ ಅದು ಅಸಾಧ್ಯವೇನಲ್ಲ. ನಮ್ಮದೇ ಊರಿನವರು, ನಮ್ಮದೇ ದಾಖಲೆ ಹಿಡಿದು, ಟೇಲರನ ಪಕ್ಕದ ಕಪಾಟಿನಲ್ಲೇ ಕೂರುವಂಥ ಇಂಗ್ಲಿಷ್ ಪುಸ್ತಕ ಬರೀಬೇಕು ಅನ್ನೋದು ನನ್ನ ಆಸೆ. ಈಶ್ವರಮ್ಮನ ಕಡೆಯ ಕತೆ ಆಗಲಾದರೂ ಹೊರಗೆ ಬಂದೀತು.

ನಿಮ್ಮ ಊರಿನ ಕತೆಯನ್ನು ಇಂಗ್ಲಿಷಿನಲ್ಲಿ ಬರೆದವರು ಯಾರು? ತಿಳಿದವರು ಹೇಳಿ.